ತೂಕಕ್ಕಿಂತ ಮೊದಲು ಇಳಿಯುವ ಸಕ್ಕರೆ

ಆಪರೇಷನ್ ಆದ ಮೂರನೆಯ ಬೆಳಿಗ್ಗೆ ನರ್ಸ್ ಬಂದು ಭಾವನ ಬೆರಳು ಚುಚ್ಚಿದರು, ಪಟ್ಟಿಗೆ ರಕ್ತ ತಾಗಿಸಿದರು, ಚಾರ್ಟಿನಲ್ಲಿ 128 ಎಂದು ಬರೆದು ಹೊರಡಲು ತಿರುಗಿದರು. ಸ್ಟೂಲಿನ ಮೇಲೆ ಕುಳಿತಿದ್ದ ಅಕ್ಕ ಗಾಬರಿಯಿಂದ ಎದ್ದಳು. “ಸಿಸ್ಟರ್, ಇನ್ಸುಲಿನ್ ಕೊಡಲಿಲ್ಲವಲ್ಲ?” ಒಂಬತ್ತು ವರ್ಷದ ಸಕ್ಕರೆ ಕಾಯಿಲೆ, ಕೊನೆಯ ಮೂರು ವರ್ಷ ದಿನಕ್ಕೆ 46 ಯೂನಿಟ್ ಇನ್ಸುಲಿನ್. ಒಂದು ಹೊತ್ತು ತಪ್ಪಿದರೂ ಶುಗರ್ ಮುನ್ನೂರು ದಾಟುತ್ತಿತ್ತು. ಅಷ್ಟೂ ವರ್ಷ ಸೂಜಿ ಹಿಡಿದವಳು ಅವಳೇ. ನರ್ಸ್ ಚಾರ್ಟನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದರು: ಇನ್ಸುಲಿನ್ ಎಂದಿದ್ದ ಸಾಲಿನ ಮೇಲೆ ಡಾಕ್ಟರು ಹಿಂದಿನ ರಾತ್ರಿಯೇ ಅಡ್ಡಗೆರೆ ಎಳೆದಿದ್ದರು.

ಅದೇ ದಿನ ಭಾವನ ತೂಕವನ್ನೂ ನೋಡಿದರು. ಸೇರಿಸಿಕೊಂಡಾಗ 90 ಕಿಲೋ ಇದ್ದದ್ದು 89 ಆಗಿತ್ತು. ಭಾವನಿಗೆ ಆದದ್ದನ್ನು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದು ಕರೆಯುತ್ತಾರೆ. ತೂಕವಿನ್ನೂ ಇದ್ದಲ್ಲೇ ಇದೆ, ಸಕ್ಕರೆ ಮಾತ್ರ ಇಳಿದು ಕುಳಿತಿದೆ. ಅಕ್ಕನಿಗೆ ಇದು ಗ್ಲುಕೋಮೀಟರಿನ ತಪ್ಪಿರಬೇಕೆಂದೇ ಅನ್ನಿಸಿತು. ಮನೆಯಿಂದ ತಂದಿದ್ದ ತನ್ನ ಮೀಟರಿನಲ್ಲಿ ಮತ್ತೊಮ್ಮೆ ನೋಡಿದಳು. 131.

ಅವಳಿಗಿಂತ ಬಹಳ ಮೊದಲೇ ಹೀಗೆ ಕಣ್ಣುಜ್ಜಿಕೊಂಡವರಿದ್ದಾರೆ. ಹೊಟ್ಟೆ ಹುಣ್ಣಿಗೆಂದು ಜಠರದ ಬಹುಭಾಗ ಕತ್ತರಿಸಿ ತೆಗೆದ ಕೆಲವು ರೋಗಿಗಳಲ್ಲಿ ಮಧುಮೇಹವೂ ತಗ್ಗಿದ್ದನ್ನು ಅಮೆರಿಕದ ವೈದ್ಯರು 1955ರಲ್ಲೇ ಬರೆದಿಟ್ಟಿದ್ದರು. ಯಾರೂ ಹೆಚ್ಚು ಗಮನ ಕೊಡಲಿಲ್ಲ. ನಲವತ್ತು ವರ್ಷಗಳ ನಂತರ, 1995ರಲ್ಲಿ, ನಾರ್ತ್ ಕೆರೊಲಿನಾದ ಗ್ರೀನ್‌ವಿಲ್ ಊರಿನ ಶಸ್ತ್ರವೈದ್ಯ ವಾಲ್ಟರ್ ಪೋರಿಸ್ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಜಠರದ ಶಸ್ತ್ರಚಿಕಿತ್ಸೆ ಆದ ತಮ್ಮ 608 ರೋಗಿಗಳ ಲೆಕ್ಕ ಮುಂದಿಟ್ಟರು. ಅವರಲ್ಲಿ 146 ಮಂದಿಗೆ ಟೈಪ್ 2 ಮಧುಮೇಹವಿತ್ತು. 121 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದು ನಿಂತಿತ್ತು. ‘ಹೀಗಾಗುತ್ತದೆಂದು ಯಾರು ಎಣಿಸಿದ್ದರು?’ ಎಂಬರ್ಥದ ತಲೆಬರಹವನ್ನೇ ಅವರು ಆ ಪ್ರಬಂಧಕ್ಕೆ ಕೊಟ್ಟಿದ್ದರು. ವೈದ್ಯಕೀಯ ಪತ್ರಿಕೆಗಳ ಬಿಗಿ ಮುಖದ ನಡುವೆ ಅಂಥ ತಲೆಬರಹ ಅಪರೂಪ.

ಈ ಶಸ್ತ್ರಚಿಕಿತ್ಸೆಯಲ್ಲಿ ನಡೆಯುವುದೇನು? ನಮ್ಮಲ್ಲಿ ಹೆಚ್ಚಾಗಿ ಮಾಡುವುದು ‘ಸ್ಲೀವ್’. ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಸೀಳಿ ತೆಗೆದು, ಬಾಳೆಕಾಯಿಯಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಇನ್ನೊಂದು ‘ಗ್ಯಾಸ್ಟ್ರಿಕ್ ಬೈಪಾಸ್’, ಭಾವನಿಗೆ ಆದದ್ದು. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಅದನ್ನು ಸಣ್ಣ ಕರುಳಿನ ಕೆಳಗಿನ ಭಾಗಕ್ಕೆ ನೇರವಾಗಿ ಹೊಲಿಯುತ್ತಾರೆ. ಊಟ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ಬೈಪಾಸ್ ಎಂಬ ಹೆಸರಿನಿಂದ ಆದ ಫಜೀತಿಯನ್ನೂ ಹೇಳಬೇಕು. ತಿಪಟೂರಿಗೆ ಮರಳಿದ ಮೇಲೆ ಎಳನೀರು ಹಿಡಿದು ನೋಡಲು ಬಂದವರೆಲ್ಲ ಭಾವನನ್ನು ಮೊದಲು ಕೇಳುತ್ತಿದ್ದದ್ದು, “ಹಾರ್ಟಿನಲ್ಲಿ ಎಷ್ಟು ಬ್ಲಾಕ್ ಇತ್ತು?”

ಇದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಮತ್ತು ಇದು ಒಂದೇ ಎಂದು ಓದಿದವರೂ ತಿಳಿದಿದ್ದಾರೆ. ಅದು ಅಂದಕ್ಕಾಗಿ ಚರ್ಮದಡಿಯ ಕೊಬ್ಬನ್ನು ತೆಗೆಯುವ ಕೆಲಸ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಕ್ಲೈನ್ ಬಳಗ 2004ರಲ್ಲಿ 15 ಸ್ಥೂಲಕಾಯದ ಮಹಿಳೆಯರಲ್ಲಿ ಇದನ್ನೇ ಅಳೆದು ನೋಡಿತು. ಅವರಲ್ಲಿ ಏಳು ಮಂದಿ ಮಧುಮೇಹಿಗಳು. ಒಬ್ಬೊಬ್ಬರ ಹೊಟ್ಟೆಯಿಂದ ಹತ್ತಿರ ಹತ್ತಿರ ಹತ್ತು ಕಿಲೋ ಕೊಬ್ಬು ಹೊರಗೆ ಬಂತು. ಹತ್ತರಿಂದ ಹನ್ನೆರಡು ವಾರ ಬಿಟ್ಟು ನೋಡಿದರೆ ಇನ್ಸುಲಿನ್ನಿಗೆ ದೇಹ ಓಗೊಡುವ ರೀತಿಯಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಹತ್ತು ಕಿಲೋ ಹೋದರೂ ಸಕ್ಕರೆ ಜಗ್ಗಲಿಲ್ಲ. ಭಾವನಿಗೆ ಒಂದು ಕಿಲೋ ಹೋಗುವಷ್ಟರಲ್ಲಿ ಇನ್ಸುಲಿನ್ನೇ ನಿಂತಿತು. ಅಂದರೆ ಎಷ್ಟು ಕೊಬ್ಬು ಹೋಯಿತು ಎಂಬುದಕ್ಕಿಂತ ಎಲ್ಲಿಂದ ಹೋಯಿತು, ಹೇಗೆ ಹೋಯಿತು ಎಂಬುದರಲ್ಲಿ ಗುಟ್ಟಿದೆ.

ಆ ‘ಎಲ್ಲಿ’ ಎಂಬುದಕ್ಕೆ ಮೊದಲ ಉತ್ತರ ಯಕೃತ್ತು. ರಾತ್ರಿಯಿಡೀ ನಾವು ಏನೂ ತಿನ್ನದಿದ್ದಾಗ ರಕ್ತಕ್ಕೆ ಸಕ್ಕರೆ ಬಿಡುವ ತೂಬು ಅದು. ಇನ್ಸುಲಿನ್ ಬಂದು ‘ಸಾಕು, ಮುಚ್ಚು’ ಎಂದಾಗ ಅದು ಮುಚ್ಚಬೇಕು. ಕೊಬ್ಬು ತುಂಬಿದ ಯಕೃತ್ತಿಗೆ ಈ ಮಾತು ಕೇಳಿಸುವುದಿಲ್ಲ. ಹಾಗಾಗಿಯೇ ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ 200 ಇರುತ್ತದೆ, ‘ಏನೂ ತಿಂದಿಲ್ಲ, ಹೇಗೆ ಬಂತು?’ ಎಂದು ರೋಗಿ ತಲೆ ಕೆಡಿಸಿಕೊಳ್ಳುತ್ತಾನೆ. ಆದರೆ ಯಕೃತ್ತಿನ ಕೊಬ್ಬು ಬೇಗ ಕರಗುವ ಕೊಬ್ಬು. ಊಟ ಒಮ್ಮೆಲೇ ಕಡಿಮೆಯಾದರೆ ದೇಹ ಮೊದಲು ಕೈ ಹಾಕುವುದು ಅಲ್ಲಿಗೇ. ಆಪರೇಷನ್ನಿಗೆ ಮುಂಚಿನ ಒಂದೆರಡು ವಾರ ಅನೇಕ ಕಡೆ ಕಡಿಮೆ ಕ್ಯಾಲೊರಿಯ ಪಥ್ಯ ಕೊಡುವುದು ಈ ಕಾರಣಕ್ಕೇ. ಯಕೃತ್ತು ಕುಗ್ಗಿದರೆ ಶಸ್ತ್ರವೈದ್ಯರಿಗೆ ಕೈಯಾಡಿಸಲು ಜಾಗ ಸಿಗುತ್ತದೆ. ಆಪರೇಷನ್ ಆದ ಮೇಲಂತೂ ಔಷಧಿ ಅಳೆಯುವ ಪುಟ್ಟ ಲೋಟದಲ್ಲಿ ಗಂಜಿಯ ತಿಳಿ, ನೀರು ಮಜ್ಜಿಗೆ, ಬೇಳೆಕಟ್ಟು. ದಿನವಿಡೀ ಕುಡಿದರೂ ಒಂದು ಊಟದಷ್ಟು ಆಗುವುದಿಲ್ಲ.

ಹಾಗಾದರೆ ಕತ್ತರಿ ಹಾಕದೆ ಹಾಗೇ ಉಪವಾಸ ಇಟ್ಟರೆ? ಈ ಪ್ರಶ್ನೆಯನ್ನು ಇಂಗ್ಲೆಂಡಿನ ನ್ಯೂಕಾಸಲ್‌ನ ರಾಯ್ ಟೇಲರ್ ಗಂಭೀರವಾಗಿ ತೆಗೆದುಕೊಂಡರು. 2011ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇದ್ದವರು ಬರೀ ಹನ್ನೊಂದು ಮಂದಿ ಮಧುಮೇಹಿಗಳು. ದಿನಕ್ಕೆ ಸುಮಾರು 600 ಕ್ಯಾಲೊರಿ, ಎಂಟು ವಾರ. ಏಳು ದಿನ ಕಳೆಯುವಷ್ಟರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಇಳಿಯಿತು, ಯಕೃತ್ತಿನ ಕೊಬ್ಬು ಕರಗತೊಡಗಿತು. ಎಂಟು ವಾರಗಳಲ್ಲಿ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕೊಬ್ಬೂ ಇಳಿದು, ಮಂಕಾಗಿದ್ದ ಇನ್ಸುಲಿನ್ ಸ್ರವಿಕೆ ಚುರುಕಾಯಿತು. ಭಾವನ ಮೂರನೆಯ ದಿನದ 128ಕ್ಕೆ ಬಹುಪಾಲು ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ. ಅಲ್ಲಿಯವರೆಗೆ ಅವರ ಹೊಟ್ಟೆಗೆ ಹೋಗಿದ್ದದ್ದೇ ನಾಲ್ಕಾರು ಲೋಟ ತಿಳಿ.

ಆದರೆ ಕಥೆ ಅಷ್ಟಕ್ಕೇ ಮುಗಿದಿದ್ದರೆ ಶಸ್ತ್ರವೈದ್ಯರು ಅಂಗಡಿ ಮುಚ್ಚಬೇಕಿತ್ತು. ಕರುಳಿನದು ಬೇರೆಯೇ ಒಂದು ಆಟವಿದೆ. ಒಂದೇ ಪ್ರಮಾಣದ ಗ್ಲೂಕೋಸನ್ನು ಬಾಯಿಗೆ ಕೊಟ್ಟಾಗ ಹೊರಡುವ ಇನ್ಸುಲಿನ್, ರಕ್ತನಾಳಕ್ಕೆ ಹರಿಸಿದಾಗ ಹೊರಡುವುದಕ್ಕಿಂತ ಎಷ್ಟೋ ಹೆಚ್ಚು. 1960ರ ದಶಕದಲ್ಲಿ ಗೊತ್ತಾದ ಸಂಗತಿ ಇದು. ಊಟ ಬಂದಿದೆ ಎಂದು ಕರುಳೇ ಮೇದೋಜೀರಕ ಗ್ರಂಥಿಗೆ ಮೊದಲೇ ಹೇಳಿ ಕಳುಹಿಸುತ್ತದೆ. ಆ ಸುದ್ದಿ ಒಯ್ಯುವ ಹಾರ್ಮೋನುಗಳಲ್ಲಿ ಈಗ ಮನೆಮಾತಾಗಿರುವುದು ಜಿಎಲ್‌ಪಿ-1. ಅದನ್ನು ಸುರಿಸುವ ಕೋಶಗಳು ಹೆಚ್ಚಾಗಿ ಕರುಳಿನ ಕೆಳಭಾಗದಲ್ಲಿವೆ. ಮಾಮೂಲಿಯಾಗಿ ಊಟ ಅಲ್ಲಿಗೆ ತಲುಪುವಷ್ಟರಲ್ಲಿ ಬಹುಪಾಲು ಜೀರ್ಣವಾಗಿ ಹೀರಿಹೋಗಿರುತ್ತದೆ. ಬೈಪಾಸ್ ಆದವರಲ್ಲಿ ಅದು ಗಡಿಬಿಡಿಯಲ್ಲಿ ಅಲ್ಲಿಗೆ ಬಂದು ಬೀಳುತ್ತದೆ, ಊಟದ ನಂತರದ ಜಿಎಲ್‌ಪಿ-1 ಹಲವು ಪಟ್ಟು ಏರುತ್ತದೆ. ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಹೊಟ್ಟೆ ತುಂಬಿತೆಂಬ ಸಂದೇಶ ಮೆದುಳಿಗೂ ಹೋಗುತ್ತದೆ. ಸ್ಲೀವ್‌ನಲ್ಲೂ ಇದು ತಕ್ಕಮಟ್ಟಿಗೆ ಆಗುತ್ತದೆ. ಜೊತೆಗೆ, ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನಿನ ಮುಖ್ಯ ನೆಲೆಯೇ ಕತ್ತರಿಸಿ ಹೊರಬಿದ್ದಿರುತ್ತದೆ. ಪಿತ್ತರಸದ ಆಮ್ಲಗಳು, ಕರುಳಿನ ಸೂಕ್ಷ್ಮಜೀವಿಗಳು ಕೂಡ ಬದಲಾಗುತ್ತವೆ. ಅವುಗಳ ಪಾಲು ಎಷ್ಟೆಂಬ ವಾದ ಇನ್ನೂ ನಡೆದೇ ಇದೆ.

ಕರುಳಿನ ಪಕ್ಷಕ್ಕೆ ದೊಡ್ಡ ಬಲ ಬಂದದ್ದು ಇಲಿಗಳಿಂದ. ಇಟಲಿ ಮೂಲದ ಶಸ್ತ್ರವೈದ್ಯ ಫ್ರಾನ್ಸೆಸ್ಕೊ ರುಬಿನೊ, ಬೊಜ್ಜೇ ಇಲ್ಲದ, ಹುಟ್ಟಿನಿಂದ ಮಧುಮೇಹವಿರುವ ಇಲಿಗಳನ್ನು ಆಯ್ದುಕೊಂಡು, ಜಠರವನ್ನು ಹಾಗೇ ಬಿಟ್ಟು ಕರುಳಿನ ಮೊದಲ ಭಾಗವನ್ನಷ್ಟೇ ದಾರಿಯಿಂದ ತಪ್ಪಿಸಿದರು. ಇಲಿಗಳ ತೂಕ ಇಳಿಯಲಿಲ್ಲ, ಸಕ್ಕರೆ ಇಳಿಯಿತು. 2004ರ ಆ ವರದಿಯಿಂದ ‘ಮಧುಮೇಹ ಇರುವುದೇ ಕರುಳಿನಲ್ಲಿ’ ಎಂಬ ಉತ್ಸಾಹ ಹಬ್ಬಿತು. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ‘ಮೆಟಬಾಲಿಕ್ ಸರ್ಜರಿ’ ಎಂಬ ಹೊಸ ಫಲಕ ಬಿದ್ದದ್ದೂ ಈ ಗಾಳಿಯಲ್ಲೇ.

ಆ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಎರಚಿದವರು ಮತ್ತೆ ಅದೇ ಕ್ಲೈನ್. 2020ರಲ್ಲಿ ಅವರ ಬಳಗ 22 ಮಧುಮೇಹಿಗಳನ್ನು ಎರಡು ಪಾಲು ಮಾಡಿತು. ಅರ್ಧದಷ್ಟು ಮಂದಿ ಬೈಪಾಸ್‌ನಿಂದ, ಅರ್ಧದಷ್ಟು ಮಂದಿ ಬರೀ ಪಥ್ಯದಿಂದ ತಮ್ಮ ತೂಕದ ಶೇ. 18ರಷ್ಟನ್ನು ಕಳೆದುಕೊಂಡರು. ಆಮೇಲೆ ಯಕೃತ್ತು, ಸ್ನಾಯು, ಮೇದೋಜೀರಕ ಗ್ರಂಥಿ ಎಲ್ಲವನ್ನೂ ಅಳೆದರೆ ಇಬ್ಬರ ಲಾಭವೂ ಹೆಚ್ಚುಕಡಿಮೆ ಒಂದೇ. ತೂಕ ಸಮನಾಗಿ ಇಳಿದರೆ ಕತ್ತರಿಗೆ ಪ್ರತ್ಯೇಕ ಮಾಯೆಯೇನೂ ಕಾಣಲಿಲ್ಲ. ಇದನ್ನು ಹಿಡಿದುಕೊಂಡು ಶಸ್ತ್ರಚಿಕಿತ್ಸೆಯೇ ಬೇಡವೆನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತೊಂಬತ್ತು ಕಿಲೋದವರು ಪಥ್ಯದಿಂದ ಹದಿನಾರು ಕಿಲೋ ಇಳಿಸಿ, ಅದನ್ನು ಹತ್ತು ವರ್ಷ ಹಾಗೇ ಉಳಿಸಿಕೊಂಡದ್ದನ್ನು ನಮ್ಮ ಬಂಧುಬಳಗದಲ್ಲಿ ಎಷ್ಟು ಜನ ಕಂಡಿದ್ದೇವೆ? ಇಳಿಸಿದ ತೂಕವನ್ನು ಹಸಿವು ಬೆನ್ನಟ್ಟಿ ಬಂದು ಮರಳಿ ಹೊರಿಸುತ್ತದೆ. ಆ ಹಸಿವಿನ ಬಾಯಿಯನ್ನು ಕರುಳಿನ ಹಾರ್ಮೋನುಗಳು ವರ್ಷಗಟ್ಟಲೆ ಕಟ್ಟಿಡುತ್ತವೆ. ಕತ್ತರಿಯ ನಿಜವಾದ ಕೆಲಸ ಅದು.

ವರ್ಷಗಟ್ಟಲೆ ಎಂದೆ, ಶಾಶ್ವತವಾಗಿ ಎನ್ನಲಿಲ್ಲ. ‘ಮಧುಮೇಹಕ್ಕೆ ಶಾಶ್ವತ ಪರಿಹಾರ’ ಎಂಬ ಜಾಹೀರಾತು ಕಂಡರೆ ಒಂದಷ್ಟು ಅಂಕಿಗಳನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ತಜ್ಞರು ‘ಗುಣ’ ಎಂಬ ಮಾತನ್ನು ಬೇಕೆಂದೇ ಬಳಸುವುದಿಲ್ಲ, ‘ಶಮನ’ ಎನ್ನುತ್ತಾರೆ. 2021ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಸಕ್ಕರೆ ಇಳಿಸುವ ಎಲ್ಲ ಮದ್ದು ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ, ಅಂದರೆ ನಾವು ಮೂರು ತಿಂಗಳ ಸರಾಸರಿ ಎನ್ನುವ ಪರೀಕ್ಷೆ, 6.5ಕ್ಕಿಂತ ಕೆಳಗಿದ್ದರೆ ಅದು ಶಮನ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 150 ರೋಗಿಗಳ ಮೇಲೆ ನಡೆದ ‘ಸ್ಟ್ಯಾಂಪೀಡ್’ ಪ್ರಯೋಗ ಇನ್ನೂ ಬಿಗಿಯಾದ ಗುರಿ ಇಟ್ಟುಕೊಂಡಿತ್ತು: 6.0 ಅಥವಾ ಅದಕ್ಕಿಂತ ಕಡಿಮೆ, ಮದ್ದಿನೊಂದಿಗಾದರೂ ಸರಿ. ಮೊದಲ ವರ್ಷ ಬೈಪಾಸ್ ಆದವರಲ್ಲಿ ಶೇ. 42, ಸ್ಲೀವ್‌ನಲ್ಲಿ ಶೇ. 37, ಬರೀ ಔಷಧಿಯವರಲ್ಲಿ ಶೇ. 12 ಮಂದಿ ಆ ಗುರಿ ಮುಟ್ಟಿದರು. ಐದನೆಯ ವರ್ಷಕ್ಕೆ ಅದೇ ಅಂಕಿಗಳು 29, 23, 5.

ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನದ್ದೂ ಇದೇ ಪಾಡು. ಎರಡು ವರ್ಷಕ್ಕೆ ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ. 72ರಷ್ಟು ಮಂದಿಯ ಮಧುಮೇಹ ಶಮನವಾಗಿತ್ತು. ಹದಿನೈದು ವರ್ಷಕ್ಕೆ ಶೇ. 30. ಶಸ್ತ್ರಚಿಕಿತ್ಸೆ ಆಗದವರಲ್ಲಿ ಆ ಹೊತ್ತಿಗೆ ಶೇ. 6.5. ರೋಮ್ ನಗರದ 60 ರೋಗಿಗಳಲ್ಲಿ ಎರಡು ವರ್ಷಕ್ಕೆ ಬೈಪಾಸ್‌ನ ಶೇ. 75 ಮಂದಿ ಶಮನದಲ್ಲಿದ್ದರು, ಹತ್ತು ವರ್ಷಕ್ಕೆ ಶೇ. 25. ಅಮೆರಿಕದ ನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹನ್ನೆರಡನೆಯ ವರ್ಷಕ್ಕೆ ಉಳಿದದ್ದು ಶೇ. 12.7, ಔಷಧಿ ಮತ್ತು ಜೀವನಕ್ರಮವನ್ನಷ್ಟೇ ನೆಚ್ಚಿದವರಲ್ಲಿ ಸೊನ್ನೆ.

ಭಾವನದೂ ಹೀಗೇ ಆಯಿತು. ಮೊದಲ ಎರಡು ವರ್ಷ ಮಾತ್ರೆಯೇ ಇಲ್ಲ. ನಾಲ್ಕನೆಯ ವರ್ಷ ಎಚ್‌ಬಿಎ1ಸಿ 6.9ಕ್ಕೆ ಬಂತು, ಮೆಟ್‌ಫಾರ್ಮಿನ್ ಮಾತ್ರೆ ಮರಳಿತು. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲವಂತೆ, ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದು. ಹಾಗೆ ನೋಡಬೇಕಾಗಿಲ್ಲ. 46 ಯೂನಿಟ್ ಇನ್ಸುಲಿನ್ನಿನ ಮೇಲೂ 9.2 ಇದ್ದವರು ನಾಲ್ಕನೆಯ ವರ್ಷವೂ ಇನ್ಸುಲಿನ್ ಇಲ್ಲದೆ 6.9 ಇರುವುದು ಸೋಲೆಂದು ಯಾವ ವೈದ್ಯರೂ ಹೇಳಲಾರರು. ಸ್ವೀಡನ್ನಿನವರ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದೂ ಶಮನದ ಅಂಕಿಯಲ್ಲ. ಕಣ್ಣು, ಮೂತ್ರಪಿಂಡ, ನರಗಳಿಗೆ ಆಗುವ ಹಾನಿ ಶಸ್ತ್ರಚಿಕಿತ್ಸೆ ಆದವರಲ್ಲಿ ಉಳಿದವರ ಅರ್ಧದಷ್ಟಿತ್ತು. ಸಕ್ಕರೆ ಕಾಯಿಲೆಯಿಂದ ಜನ ಹೆದರಬೇಕಾದದ್ದು ಡಯಾಲಿಸಿಸ್ ಕೋಣೆಗೆ, ಮೀಟರಿನ ಅಂಕಿಗಲ್ಲ.

ಯಾರಲ್ಲಿ ಶಮನ ಉಳಿಯುತ್ತದೆ, ಯಾರಲ್ಲಿ ಜಾರುತ್ತದೆ? ಇಲ್ಲಿ ಬಹುಪಾಲು ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಕಾಯಿಲೆ ಹೊಸದಾಗಿದ್ದರೆ, ಇನ್ಸುಲಿನ್ ಇನ್ನೂ ಶುರುವಾಗಿಲ್ಲದಿದ್ದರೆ, ಮೇದೋಜೀರಕ ಗ್ರಂಥಿಯಲ್ಲಿ ಇನ್ನೂ ಜೀವವಿದ್ದರೆ ಫಲ ಹೆಚ್ಚು. ಹತ್ತು ಹದಿನೈದು ವರ್ಷ ದುಡಿದು ಸೋತ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಯಾವ ಕತ್ತರಿಯೂ ಎಬ್ಬಿಸಲಾರದು. ತೈವಾನಿನ ಶಸ್ತ್ರವೈದ್ಯ ವೈ-ಜೆ ಲೀ ಇದಕ್ಕೊಂದು ಸುಲಭದ ಅಂಕಪಟ್ಟಿ ಮಾಡಿದ್ದಾರೆ, ಹೆಸರು ‘ಎಬಿಸಿಡಿ’: ವಯಸ್ಸು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ), ಸಿ-ಪೆಪ್ಟೈಡ್, ಕಾಯಿಲೆಯ ಅವಧಿ. ಸಿ-ಪೆಪ್ಟೈಡ್ ಎಂಬುದು ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಜೊತೆಯಲ್ಲಿ ಹೊರಬೀಳುವ ತುಣುಕು. ಒಂದು ರಕ್ತಪರೀಕ್ಷೆಯಿಂದ ಗ್ರಂಥಿಯಲ್ಲಿ ಇನ್ನೆಷ್ಟು ಕಸುವಿದೆ ಎಂದು ಅಂದಾಜಾಗುತ್ತದೆ. ಅದು ಬತ್ತಿಹೋಗಿದ್ದರೆ, ಅಥವಾ ಇರುವುದು ಟೈಪ್ 1 ಮಧುಮೇಹವಾಗಿದ್ದರೆ, ಶಸ್ತ್ರಚಿಕಿತ್ಸೆಯಿಂದ ತೂಕ ಇಳಿದೀತು, ಇನ್ಸುಲಿನ್ ಬಿಡುವುದಿಲ್ಲ. ಸಿ-ಪೆಪ್ಟೈಡ್ ನೋಡದೆ ಮೇಜಿನ ಮೇಲೆ ಮಲಗಿಸಲು ಅವಸರ ಮಾಡುವವರಿಂದ ದೂರವಿರುವುದು ಲೇಸು.

ಹೀಗೆ ಕಾಯಿಲೆಗೆ ಮುಖ್ಯವಾದದ್ದು ಗ್ರಂಥಿಯ ವಯಸ್ಸು. ವಿಮೆಗೆ ಮುಖ್ಯವಾದದ್ದು ತಕ್ಕಡಿ.

ಭಾರತೀಯರ ಮಟ್ಟಿಗೆ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂಬುದಕ್ಕೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮ ದೇಹವನ್ನೇ ಸಾಕ್ಷಿಯಾಗಿ ಕೊಟ್ಟಿದ್ದಾರೆ. ಲಂಡನ್ನಿನ ಜಾನ್ ಯುಡ್ಕಿನ್ ಜೊತೆ ನಿಂತ ಅವರ ಚಿತ್ರವನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2004ರಲ್ಲಿ ಪ್ರಕಟಿಸಿತು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ಕೈಕಾಲು ಸಣ್ಣ, ಹೊಟ್ಟೆಯೊಳಗೆ ಮಾತ್ರ ಗೋದಾಮು. ನಮ್ಮ ಜನಕ್ಕೆ ಬೊಜ್ಜು ಕಣ್ಣಿಗೆ ಬೀಳುವ ಮೊದಲೇ ಸಕ್ಕರೆ ಕಾಯಿಲೆ ಬಂದು ಕೂರುವುದು ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನೆರವಿನ ರಾಷ್ಟ್ರವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಆ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ.

ಇದನ್ನು ಬಲ್ಲ ವೈದ್ಯರು ಏಷ್ಯಾದವರಿಗೆ ಮಿತಿಯನ್ನೇ ಕೆಳಗಿಳಿಸಿದ್ದಾರೆ. 45 ವೈದ್ಯಕೀಯ ಸಂಘಟನೆಗಳು ಒಪ್ಪಿದ 2016ರ ಮಾರ್ಗಸೂಚಿಯಲ್ಲಿ, ಹತೋಟಿಗೆ ಬಾರದ ಮಧುಮೇಹವಿರುವ ಏಷ್ಯಾದವರಿಗೆ ಬಿಎಂಐ 32.5 ದಾಟಿದರೆ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡಬೇಕು, 27.5 ದಾಟಿದರೆ ಪರಿಗಣಿಸಬಹುದು ಎಂದಿದೆ. 2022ರಲ್ಲಿ ಶಸ್ತ್ರವೈದ್ಯರ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಟನೆಗಳು ಏಷ್ಯಾದವರಿಗೆ 27.5ರಿಂದಲೇ ಬಾಗಿಲು ತೆರೆದವು. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ರೂಪಿಸಿದ ಮಾದರಿ ಷರತ್ತು ಮಾತ್ರ ಬೇರೆ ಮಾತಾಡುತ್ತದೆ: ಬಿಎಂಐ 40, ಇಲ್ಲವೇ ಹತೋಟಿಗೆ ಬಾರದ ಟೈಪ್ 2 ಮಧುಮೇಹದಂಥ ತೀವ್ರ ತೊಂದರೆಯಿದ್ದರೆ 35. ಅದಕ್ಕಿಂತ ಕೆಳಗಿದ್ದರೆ ವಿಮಾ ಕಂಪನಿ ಹಣ ಕೊಡಬೇಕಾಗಿಲ್ಲ. ಮೊದಲು ಬಹುಮಂದಿಗೆ ಮುಚ್ಚಿದ್ದ ಬಾಗಿಲನ್ನು ಇಷ್ಟಾದರೂ ತೆರೆದರಲ್ಲ ಎನ್ನಬಹುದು. ಆದರೆ ತೆರೆದದ್ದು ಐರೋಪ್ಯರ ಎತ್ತರಕ್ಕೆ.

ಭಾವ ಐದಡಿ ಐದಂಗುಲ. 90 ಕಿಲೋಗೆ ಬಿಎಂಐ 33. ಮಾರ್ಗಸೂಚಿಯ ಪ್ರಕಾರ ಶಿಫಾರಸಿಗೆ ತಕ್ಕವರು, ಪಾಲಿಸಿಯ ಪ್ರಕಾರ ಅಲ್ಲ. ಕ್ಲೇಮ್ ತಿರಸ್ಕಾರವಾದ ಪತ್ರ ಹಿಡಿದು ವಿಚಾರಿಸಲು ಹೋದಾಗ ಕಚೇರಿಯ ಹುಡುಗ ಕ್ಯಾಲ್ಕುಲೇಟರ್ ಒತ್ತಿ, ಕೆಡುಕೇನೂ ಇಲ್ಲದ ದನಿಯಲ್ಲಿ ಹೇಳಿದನಂತೆ: “ಸರ್, ಇನ್ನು ಐದೂವರೆ ಕಿಲೋ ಇದ್ದಿದ್ದರೆ ಆಗುತ್ತಿತ್ತು.” ಸಕ್ಕರೆ ಕಾಯಿಲೆಯವನಿಗೆ ಇನ್ನಷ್ಟು ದಪ್ಪಗಾಗಿ ಬಾ ಎನ್ನುವ ವ್ಯವಸ್ಥೆ ಜಗತ್ತಿನಲ್ಲಿ ಇದ್ದೀತೇ ಎಂದು ಭಾವ ನಗುತ್ತಲೇ ಕೇಳಿದರು. ಕೊನೆಗೆ ಆ ವರ್ಷದ ಕೊಬ್ಬರಿಯ ದುಡ್ಡು ಮತ್ತು ಪಿಎಫ್ ಸಾಲ ಸೇರಿಸಿ ಆಸ್ಪತ್ರೆಗೆ ಕಟ್ಟಿದರು. ಎಲ್ಲರಿಗೂ ತೆಂಗಿನ ತೋಟವಿರುವುದಿಲ್ಲ. ಕಾಯಿಲೆ ಬಂದ ಎರಡನೆಯ ವರ್ಷದಲ್ಲಿ, 78 ಕಿಲೋ ಇದ್ದಾಗ, ಅವರಿಗೆ ಇಂಥದ್ದೊಂದು ದಾರಿಯಿದೆ ಎಂದು ಹೇಳಿದವರು ಯಾರೂ ಇರಲಿಲ್ಲ. ತೂಕ ಏರಿದ್ದರಲ್ಲಿ ಇನ್ಸುಲಿನ್ನಿನ ಪಾಲೂ ಇತ್ತು. ಇನ್ಸುಲಿನ್ ತೂಕ ಏರಿಸುತ್ತದೆ. ಒಟ್ಟಿನಲ್ಲಿ ಗ್ರಂಥಿ ಗಟ್ಟಿಯಿದ್ದಾಗ ತೂಕ ಸಾಲದು, ತೂಕ ಏರಿದಾಗ ಗ್ರಂಥಿ ಸಾಲದು.

ಶಸ್ತ್ರಚಿಕಿತ್ಸೆಯ ಪರವಾಗಿ ಇಷ್ಟು ಹೇಳಿದ ಮೇಲೆ ಅದಕ್ಕೆ ತೆರುವ ಬೆಲೆಯನ್ನೂ ಹೇಳಬೇಕು. ಅಮೆರಿಕದ ದೊಡ್ಡ ಆಸ್ಪತ್ರೆಗಳ 4,776 ರೋಗಿಗಳ ಲೆಕ್ಕದಲ್ಲಿ ಮೂವತ್ತು ದಿನದೊಳಗೆ ತೀರಿಕೊಂಡವರು ಶೇ. 0.3. ಕಡಿಮೆಯೇ, ಸೊನ್ನೆಯಲ್ಲ. ಹೊಲಿಗೆ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಆಮೇಲೆ ಜೀವನವಿಡೀ ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಬಿ12 ಮೊದಲೇ ಕಡಿಮೆಯಿರುವ ಸಸ್ಯಾಹಾರಿ ಮನೆಗಳಲ್ಲಿ ಇದನ್ನು ಮರೆತರೆ ಕೈಕಾಲು ಜೋಮು ಹಿಡಿಯುತ್ತದೆ, ಸಕ್ಕರೆ ಕಾಯಿಲೆಯ ನರದೋಷವೆಂದು ಅದನ್ನೇ ತಪ್ಪಾಗಿ ತಿಳಿಯುವುದೂ ಉಂಟು. ಇನ್ನೊಂದು ಮೋಸವಿದೆ: ಕಬ್ಬಿಣ ಕಡಿಮೆಯಾದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಂಕಿ ಏರಿತೆಂದು ಮಾತ್ರೆ ಏರಿಸುವ ಮೊದಲು ಹಿಮೋಗ್ಲೋಬಿನ್ ನೋಡಬೇಕು.

ಮದ್ದು ನಿಲ್ಲಿಸುವುದರಲ್ಲೂ ಜಾಣತನ ಬೇಕು. ಇನ್ಸುಲಿನ್ನನ್ನೂ, ಗ್ರಂಥಿಯಿಂದ ಅದನ್ನು ಹೊರಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೂ ಮೊದಲಿನ ಪ್ರಮಾಣದಲ್ಲೇ ಮುಂದುವರಿಸಿದರೆ ಸಕ್ಕರೆ ಪಾತಾಳಕ್ಕಿಳಿದು ಪ್ರಾಣಕ್ಕೆ ಬರುತ್ತದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳನ್ನು ಆಪರೇಷನ್ನಿಗೆ ಕೆಲವು ದಿನ ಮೊದಲೇ ನಿಲ್ಲಿಸುತ್ತಾರೆ. ಉಪವಾಸದ ದೇಹದಲ್ಲಿ ಅವು ರಕ್ತವನ್ನು ಆಮ್ಲೀಯಗೊಳಿಸುವ ಅಪಾಯವಿದೆ. ಅಕ್ಕ ಅಂದು ಕೇಳಿದ ಪ್ರಶ್ನೆ ಸರಿಯಾದದ್ದೇ, ಉತ್ತರ ಮಾತ್ರ ಅವಳು ಎಣಿಸಿದ್ದಕ್ಕೆ ತಿರುಗುಮುರುಗು.

ಊಟದ ತಟ್ಟೆಯ ಬದಲಾವಣೆ ಎಲ್ಲಕ್ಕಿಂತ ಕಷ್ಟದ್ದು. ತಿಪಟೂರು ಸೀಮೆಯಲ್ಲಿ ಮುದ್ದೆ ಅಗಿದರೆ ನಗುತ್ತಾರೆ, ಅದನ್ನು ನುಂಗಬೇಕು. ಮೂವತ್ತು ಮಿಲಿಲೀಟರಿನ ಚೀಲಕ್ಕೆ ನುಂಗಿದ ತುತ್ತು ಎಂದರೆ ಬಾವಿಗೆ ಬಿದ್ದ ಬಂಡೆ. ಆರು ತಿಂಗಳ ಮೇಲೆ ಆಸೆ ತಡೆಯದೆ ಒಂದೇ ತುತ್ತು ಸೊಪ್ಪಿನ ಸಾರಿನಲ್ಲಿ ಹೊರಳಿಸಿ ನುಂಗಿದ ಭಾವ ಅರ್ಧ ಗಂಟೆ ಎದೆ ಹಿಡಿದುಕೊಂಡು ಅಂಗಳದಲ್ಲಿ ನಡೆದಾಡಿದರು. ಈಗ ಗೋಲಿಯಷ್ಟು ಮುದ್ದೆ, ಅದನ್ನೂ ಅಗಿದು. ಅದರ ಮುಂದಿನ ಯುಗಾದಿಗೆ ಅರ್ಧ ಹೋಳಿಗೆ ತಿಂದರು. ಹತ್ತು ನಿಮಿಷಕ್ಕೆ ಎದೆ ಡವಗುಟ್ಟಿ ಬೆವರಿಳಿಯಿತು. ಎರಡು ಗಂಟೆ ಬಿಟ್ಟು ಕೈ ನಡುಗಿತು, ಮೀಟರಿನಲ್ಲಿ 58. ಸಿಹಿ ಕರುಳಿಗೆ ಧೊಪ್ಪೆಂದು ಬಿದ್ದಾಗ ಅದೇ ಜಿಎಲ್‌ಪಿ-1 ಅಳತೆ ಮೀರಿ ಇನ್ಸುಲಿನ್ ಹೊರಡಿಸುತ್ತದೆ. ಸಕ್ಕರೆ ಇಳಿಸಿದ ಉಪಾಯವೇ ಅಂದು ಕಚ್ಚುವ ಹಾವಾಯಿತು. ಕುಡಿಯುವ ಅಭ್ಯಾಸವಿದ್ದವರು ಇನ್ನಷ್ಟು ಎಚ್ಚರವಿರಬೇಕು. ಬೈಪಾಸ್ ಆದ ಮೇಲೆ ಮದ್ಯ ರಕ್ತಕ್ಕೆ ಬೇಗ ಏರುತ್ತದೆ.

ಈಗ ಎಲ್ಲರ ಬಾಯಲ್ಲಿರುವುದು ಚುಚ್ಚುಮದ್ದು. ಜಿಎಲ್‌ಪಿ-1 ಅನ್ನು ಅನುಕರಿಸುವ ಸೆಮಾಗ್ಲುಟೈಡ್, ಅದರ ಜೊತೆ ಇನ್ನೊಂದು ಕರುಳ ಹಾರ್ಮೋನಿನ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್. ಎರಡನೆಯದು ‘ಮೌಂಜಾರೊ’ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಬೈಪಾಸ್ ಕರುಳಿನಿಂದ ಮಾಡಿಸುವ ಕೆಲಸದ ಒಂದು ಭಾಗವನ್ನು ಇವು ವಾರಕ್ಕೊಂದು ಸೂಜಿಯಿಂದ ಮಾಡಿಸುತ್ತವೆ. ಶಸ್ತ್ರಚಿಕಿತ್ಸೆಗೆ ಹೆದರುವವರಿಗೆ ಒಳ್ಳೆಯ ದಾರಿ, ಆದರೆ ನಿಲ್ಲಿಸಿದರೆ ಹಸಿವೂ ತೂಕವೂ ಮರಳುತ್ತವೆ. ಚುಚ್ಚುಮದ್ದು ಅಗ್ಗವಾದರೆ ಬೊಜ್ಜಿನ ಶಸ್ತ್ರಚಿಕಿತ್ಸೆಯ ವಾರ್ಡುಗಳು ಖಾಲಿಯಾಗುತ್ತವೆಯೇ ಎಂದು ನೋಡಬೇಕು. ಪಥ್ಯದ ದಾರಿಯೂ ಮುಚ್ಚಿಲ್ಲ. ಬ್ರಿಟನ್ನಿನಲ್ಲಿ, ಕಾಯಿಲೆ ಆರು ವರ್ಷ ದಾಟದ, ಇನ್ಸುಲಿನ್ ಹಿಡಿಯದ ರೋಗಿಗಳ ಮೇಲೆ ನಡೆದ ‘ಡೈರೆಕ್ಟ್’ ಪ್ರಯೋಗದಲ್ಲಿ, ದಿನಕ್ಕೆ 850ರ ಆಸುಪಾಸು ಕ್ಯಾಲೊರಿಯ ಪಥ್ಯ ಮೂರರಿಂದ ಐದು ತಿಂಗಳು ಹಿಡಿದವರಲ್ಲಿ ಶೇ. 46 ಮಂದಿ ಒಂದು ವರ್ಷದ ಹೊತ್ತಿಗೆ ಶಮನದಲ್ಲಿದ್ದರು, ಎರಡು ವರ್ಷಕ್ಕೆ ಶೇ. 36. ಮೂರೂ ದಾರಿಗಳಿಗೆ ಒಂದೇ ಷರತ್ತು, ಬೇಗ ಹೊರಡಬೇಕು.

ಭಾವನ ತಮ್ಮನಿಗೆ ಹೋದ ವರ್ಷ ಸಕ್ಕರೆ ಕಾಣಿಸಿತು. ಮೂವತ್ತೆಂಟು ವಯಸ್ಸು, ಐದಡಿ ಏಳಂಗುಲ, 82 ಕಿಲೋ, ಎರಡು ಮಾತ್ರೆ. ಬಿಎಂಐ 28 ದಾಟಿದೆ. ಪಾಲಿಸಿಯ 35 ಮುಟ್ಟಲು ಇನ್ನೂ ಹತ್ತೊಂಬತ್ತು ಕಿಲೋ ಏರಬೇಕು. ಅಣ್ಣನ ಗೋಲಿ ಮುದ್ದೆ ನೋಡಿ ಅವನಿಗೆ ಆಪರೇಷನ್ನಿನ ಹೆಸರೆತ್ತಿದರೆ ಆಗುವುದಿಲ್ಲ, ಮೊದಲು ಪಥ್ಯ ಹಿಡಿದು ನೋಡುತ್ತೇನೆ ಎಂದು ಡಾಕ್ಟರ ಕಣ್ಗಾವಲಿನಲ್ಲಿ ಶುರು ಮಾಡಿದ್ದಾನೆ. ಮೊನ್ನೆ ರಾತ್ರಿ ಫೋನ್ ಮಾಡಿದಾಗ ತೂಕ ಎಷ್ಟು ಇಳಿಯಿತೆಂದು ನಾನು ಕೇಳಿದೆ. ಅದನ್ನು ಆಮೇಲೆ ಹೇಳುತ್ತೇನೆ ಎಂದವನು, ಕೈಯಲ್ಲಿದ್ದ ಲ್ಯಾಬಿನ ಚೀಟಿ ಓದತೊಡಗಿದ: “ಸಿ-ಪೆಪ್ಟೈಡ್ 3.1 ಎಂದಿದೆ. ಒಳ್ಳೆಯದೋ ಕೆಟ್ಟದ್ದೋ?”